ಬಾನೆಟ್ ಮೇಲಿನ ಡಬ್ಬಿ

ರಕ್ತದ ಚೀಟಿ ಬಂದ ದಿನ
ಕಾರವಾರ ಡಿಪೋದ ಮ್ಯಾನೇಜರು ಹೆಸರು ಕರೆದು ಹಂಚಿದರು,
ಶಾಲೆಯಲ್ಲಿ ಮಾರ್ಕ್ಸ್ ಕಾರ್ಡ್ ಹಂಚಿದ ಹಾಗೆ.
ಇಲ್ಲಿ ಮಾತ್ರ ಹೆಚ್ಚು ಬಂದವನೇ ನಪಾಸು.
ಬೊಮ್ಮಯ್ಯ ನಾಯಕನಿಗೆ ಮುನ್ನೂರ ಹನ್ನೆರಡು,
ನನಗೆ ಇನ್ನೂರ ನಲವತ್ತು.
ಟಯರ್ ಸೆಕ್ಷನ್ನಿನ ಇನಾಸನಿಗೆ ಸಕ್ಕರೆ ಸರಿ,
ಬೀಪಿ ಮಾತ್ರ ಅರಬೈಲು ಘಟ್ಟ ಹತ್ತುತ್ತಿತ್ತು.

ತಪ್ಪು ನಮ್ಮದಲ್ಲ. ಪೂರಾ ನಮ್ಮದಲ್ಲ.
ಬಸ್ಸು ನಿಲ್ಲಿಸಿದ ಹೋಟೆಲಿನಲ್ಲಿ
ಡ್ರೈವರ್ ಕಂಡಕ್ಟರಿಗೆ ಊಟ ಪುಕ್ಕಟೆ.
ಪರದೆಯ ಹಿಂದಿನ ಮೇಜು, ಕೇಳದೆ ಬರುವ ಪೂರಿ,
ಅದರ ಮೇಲೊಂದು ಬನ್ಸು, ಚಾ,
ಚಾ ಮುಗಿದ ಮೇಲೂ ಕೇಸರಿಬಾತು.
ಇಪ್ಪತ್ತಾರು ವರ್ಷ
ದಿನಕ್ಕೆ ನಲವತ್ತು ಹೊಟ್ಟೆ ತಂದು ಇಳಿಸಿ
ನನ್ನ ಹೊಟ್ಟೆಯಲ್ಲಿ ಕೂಲಿ ತಕ್ಕೊಂಡೆ.

ಗುರುವಾರ ಮಧ್ಯಾಹ್ನ ವಿಶ್ರಾಂತಿ ಕೋಣೆಯಲ್ಲಿ
ಬೆಂಚು ಸರಿಸಿ ಗ್ಯಾಸ್ ಒಲೆ ಇಟ್ಟರು.
ಕಲಿಸಲು ಬಂದವಳು ಬೈತಖೋಲದ ಗುಲಾಬಿ ಖಾರ್ವಿ,
ಬಿಸಿಯೂಟದ ಸೌಟು ಹಿಡಿದೇ ಕೂದಲು ಬೆಳ್ಳಗಾದವಳು.
ಹದಿಮೂರು ಗಂಡಸರನ್ನೂ ಕಂಡಕ್ಟರ್ ಶಶಿಕಲಾಳನ್ನೂ
ಒಮ್ಮೆ ಕಣ್ಣಲ್ಲೇ ತೂಗಿ
"ಮಕ್ಕಳೇ ವಾಸಿ" ಅಂದಳು, "ಕೈ ತೊಳೀರಿ."

ಮೊದಲ ಪಾಠ ನೀರುಳ್ಳಿ.
ಸ್ಟೇರಿಂಗ್ ಹಿಡಿದ ಕೈ ಚಾಕುವನ್ನೂ ಹಾಗೇ ಹಿಡಿಯಿತು,
ಮುಷ್ಟಿ ಬಿಗಿದು, ತಿರುವು ಬಂದಂತೆ.
ಕುಮಟೆಯ ಸಿಹಿ ನೀರುಳ್ಳಿಗೂ
ಕಣ್ಣೀರು ಸುರಿಸಿದವನು ನಾನೊಬ್ಬನೇ.
ಬೊಮ್ಮಯ್ಯ ಒಗ್ಗರಣೆಗೆ ಎಣ್ಣೆ ಹೊಯ್ದ,
ಡೀಸೆಲ್ ತುಂಬಿಸುವ ಧಾರಾಳದಲ್ಲಿ.
ಗುಲಾಬಿ ಬಾಣಲೆ ಎತ್ತಿ ಮುಕ್ಕಾಲು ವಾಪಸು ಬಸಿದಳು:
"ಚಮಚ ಅಂತೊಂದಿದೆ ತಮ್ಮಾ. ನೋಡಿ ಹಾಕು."

ಎರಡನೇ ವಾರ ಬಂಗಡೆ. ಹುರಿಯಲಿಲ್ಲ.
ಬಾಳೆಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಮಲಗಿಸಿದಳು,
ಒಳಗೆ ಮುರುಗಲು ಹುಳಿ, ಹಸಿಮೆಣಸು, ಜಜ್ಜಿದ ಬೆಳ್ಳುಳ್ಳಿ.
ಇಂಡಿ ಕಡೆಯ ಮಲಕಾಜಪ್ಪ ಮೀನು ಮುಟ್ಟುವವನಲ್ಲ,
ಅವನಿಗೆ ಒಂದೆಲಗದ ತಂಬುಳಿ.
ಕುಡಿದು, ಲೋಟದ ತಳ ನೋಡಿ ಕೇಳಿದ:
"ಅಕ್ಕಾರ, ಇದು ಊಟೇನ್ರಿ, ಔಷಧೇನ್ರಿ?"
ಗುಲಾಬಿ ಉತ್ತರ ಕೊಡಲಿಲ್ಲ.
ಲೋಟ ಮತ್ತೆ ತುಂಬಿದಳು.

ಉಪ್ಪಿನ ದಿನ ಜಗಳ.
ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ಹಲಗೆ ಎಳೆದವನು ನನ್ನಪ್ಪ.
ಉಪ್ಪು ಕಮ್ಮಿ ಮಾಡು ಅಂದರೆ
ಅಪ್ಪನನ್ನೇ ಕಮ್ಮಿ ಮಾಡು ಅಂದ ಹಾಗೆ,
ದನಿ ಏರಿಸಿದೆ.
ಅವಳು ಸೌಟು ಕೆಳಗಿಟ್ಟು ಮೆಲ್ಲಗೆ ಕೇಳಿದಳು:
"ಅಪ್ಪ ದಿನಕ್ಕೆ ಎಷ್ಟು ಬೆವರ್ತಿದ್ದ?
ಕೂತಲ್ಲೇ ಕೂತು ನೀನೆಷ್ಟು ಬೆವರ್ತೆ?"
ಫ್ಯಾನು ತಿರುಗುತ್ತಿತ್ತು.
ನಾನು ಚಿಟಿಕೆಯಿಂದ ಅರ್ಧ ಚಿಟಿಕೆ ಉದುರಿಸಿದೆ.

ಮನೆಯಲ್ಲಿ ವನಮಾಲಾ ಬಾಗಿಲಿಗೊರಗಿ ನಿಂತಳು,
ನಾನು ಹರಿವೆ ಹೆಚ್ಚುವುದನ್ನು ನೋಡುತ್ತ,
ರಿವರ್ಸ್ ಬರುವ ಬಸ್ಸಿನ ಹಿಂದೆ ನಿಂತವರಂತೆ.
ಬರಲಿ ಬರಲಿ ಅನ್ನಲಿಲ್ಲ.
ಹೋಲ್ಡಾನ್ ಅಂತಲೂ ಅನ್ನಲಿಲ್ಲ.

ಈಗ ಬೆಳಗಿನ ಹುಬ್ಬಳ್ಳಿ ಗಾಡಿಯ ಬಾನೆಟ್ ಮೇಲೆ
ಸ್ಟೀಲಿನ ಡಬ್ಬಿ: ಕೆಂಪಕ್ಕಿ, ಹೆಸರುಕಾಳು, ಬಸಳೆ.
ಘಟ್ಟ ಏರಿದಷ್ಟೂ ಬಿಸಿಯಾಗುತ್ತದೆ.
ಯಲ್ಲಾಪುರ ದಾಟಿದ ಮೇಲೆ
ಹೋಟೆಲಿನವ ಪರದೆ ಸರಿಸಿ ಕಾಯುತ್ತಾನೆ.
"ಏನಣ್ಣ, ನಮ್ಮ ಊಟ ಕೆಟ್ಟಿತಾ?
ಎದುರಿನವ ಹೆಚ್ಚು ಕೊಡ್ತಾನಾ?"
ಏನಂತ ಹೇಳಲಿ.
ಹೊರಗಿನ ಕಟ್ಟೆಯ ಮೇಲೆ ಕೂತು ಮುಚ್ಚಳ ತೆಗೆಯುತ್ತೇನೆ.

ನಿನ್ನೆ ಮುಂದಿನ ಸೀಟಿನ ಮುದುಕರೊಬ್ಬರು
ವಾಸನೆ ಹಿಡಿದು ಹತ್ತಿರ ಬಂದರು:
"ಮನೆಯವರು ಕಟ್ಟಿಕೊಟ್ಟದ್ದಾ?"
ಹೌದು, ಅಂದೆ.
ಎರಡು ತುತ್ತು ನುಂಗಿದ ಮೇಲೆ,
"ಅಲ್ಲ. ನಾನೇ."

ಸಕ್ಕರೆ ನೂರ ಎಂಬತ್ತರಲ್ಲಿ ನಿಂತಿದೆ,
ಇಳಿಯಲೋ ಬೇಡವೋ ಎಂದು ಫುಟ್‌ಬೋರ್ಡಿನಲ್ಲಿ ನಿಂತವರ ಹಾಗೆ.
ಮಂಗಳವಾರ ಮಿರ್ಚಿ ತಿಂದದ್ದನ್ನು
ಗುಲಾಬಿಗೆ ಹೇಳಬೇಡಿ.